120 ವೋಲ್ಟ್‌ನ ದೋಣಿ, 230 ವೋಲ್ಟ್‌ನ ಜೆಟ್ಟಿ: ಲೆಕ್ಕ ಹೀಗಿದೆ

ಅಮೆರಿಕದಲ್ಲಿ ತಯಾರಾದ ವಿಹಾರ ದೋಣಿಯ ವೈರಿಂಗ್ 120 ವೋಲ್ಟ್, 60 ಹರ್ಟ್ಸ್‌ನದು. ಅಟ್ಲಾಂಟಿಕ್ ದಾಟಿ ಸ್ಪೇನ್, ಫ್ರಾನ್ಸ್ ಅಥವಾ ಗ್ರೀಸ್‌ನ ಬಂದರು ಸೇರಿದರೆ ಅಲ್ಲಿ ಸಿಗುವುದು 230 ವೋಲ್ಟ್, 50 ಹರ್ಟ್ಸ್. ಕೊಚ್ಚಿಯ ಬೋಲ್ಗಟ್ಟಿ ಮರೀನಾಕ್ಕೆ ಬಂದರೂ ಅಷ್ಟೇ. ಭಾರತದ ಪೂರೈಕೆಯೂ 230/50.

ಸಿಗುವ ವಿದ್ಯುತ್ತಿನ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅಮೆರಿಕದ 30 ಆಂಪ್ಸ್ ಸಂಪರ್ಕ ಕೊಡುವುದು 3,600 ವಾಟ್; ಯುರೋಪಿನ ನೀಲಿ ಬಣ್ಣದ, ಮೂರು ಪಿನ್ನಿನ 16 ಆಂಪ್ಸ್ ಸಾಕೆಟ್ 3,680 ವಾಟ್. ಸಾಕೆಟ್ 6 ಆಂಪ್ಸ್‌ನದಾದರೆ ಮಾತ್ರ ಅದು 1,380ಕ್ಕೆ ಇಳಿಯುತ್ತದೆ.

ನೇರ ಜೋಡಿಸಿದರೆ

120 ವೋಲ್ಟ್‌ನ 1,500 ವಾಟ್ ಹೀಟರ್ ತೆಗೆದುಕೊಳ್ಳಿ. ಅದರ ಕಾಯಿಲ್‌ನ ರೋಧ 9.6 ಓಮ್. 230 ವೋಲ್ಟ್ ಕೊಟ್ಟರೆ ಹರಿಯುವುದು ಸುಮಾರು 24 ಆಂಪ್ಸ್, ಉರಿಯುವುದು 5,510 ವಾಟ್: 3.67 ಪಟ್ಟು. ಜೆಟ್ಟಿಯ ಸಾಕೆಟ್ 32 ಆಂಪ್ಸ್‌ನದಾದರೆ ಅಲ್ಲಿನ ಬ್ರೇಕರ್ ಬೀಳುವುದೇ ಇಲ್ಲ.

ಟ್ರಾನ್ಸ್‌ಫಾರ್ಮರ್ ಹಾಕಿದರೆ

230 ಅನ್ನು 115ಕ್ಕೆ ಇಳಿಸಬಹುದು. 3,600 ವಾಟ್‌ನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ 20 ಕಿಲೊಗೂ ಹೆಚ್ಚು ತೂಗುತ್ತದೆ. ಖಾಲಿ ಕೂತಾಗ 30 ವಾಟ್ ನುಂಗುತ್ತದೆ ಎಂದು ಹಿಡಿದರೆ ತಿಂಗಳಿಗೆ 21.6 ಯೂನಿಟ್, ಯೂನಿಟ್‌ಗೆ 30 ಸೆಂಟ್‌ನಂತೆ 6.5 ಯೂರೊ.

ಆದರೆ ಹರ್ಟ್ಸ್ 50ರಲ್ಲೇ ಉಳಿಯುತ್ತದೆ. 3,450 ಸುತ್ತಿನ ಮೋಟಾರ್ 2,875ರ ಆಸುಪಾಸಿಗೆ ಇಳಿಯುತ್ತದೆ. ವೋಲ್ಟ್–ಹರ್ಟ್ಸ್ ಅನುಪಾತ 2.0ರಿಂದ 2.3ಕ್ಕೆ ಏರುವುದರಿಂದ ಮೋಟಾರ್ ಹೆಚ್ಚು ಕಾಯುತ್ತದೆ. ಹೆಸರುಫಲಕದಲ್ಲಿ ‘50/60’ ಎಂದಿಲ್ಲದ ಫ್ರಿಜ್, ಎ.ಸಿ.ಗಳ ಆಯುಷ್ಯ ಇಲ್ಲೇ ಕರಗುತ್ತದೆ.

ಬ್ಯಾಟರಿ ಮೂಲಕ ಕೊಟ್ಟರೆ

100–240 ವೋಲ್ಟ್, 50/60 ಹರ್ಟ್ಸ್ ಒಪ್ಪುವ ಚಾರ್ಜರ್ ಬ್ಯಾಟರಿ ತುಂಬಲಿ. ದೋಣಿಗೆ ಬೇಕಾದ 120/60 ಅನ್ನು ಇನ್ವರ್ಟರ್ ಕೊಡಲಿ. ಚಾರ್ಜಿಂಗ್ ವೋಲ್ಟೇಜ್ 12ಕ್ಕಿಂತ ಹೆಚ್ಚಿರುವುದರಿಂದ 12 ವೋಲ್ಟ್, 50 ಆಂಪ್ಸ್ ಚಾರ್ಜರ್ ಬ್ಯಾಟರಿಗೆ 720 ವಾಟ್ ತುಂಬುತ್ತದೆ, ಜೆಟ್ಟಿಯಿಂದ ಎಳೆಯುವುದು ಸುಮಾರು 3.6 ಆಂಪ್ಸ್. 6 ಆಂಪ್ಸ್ ಸಾಕೆಟ್ಟೂ ಸಾಕು.

ಒಂದು ದಿನದ ಮಾದರಿ ಲೆಕ್ಕ, ಯೂನಿಟ್‌ಗಳಲ್ಲಿ:

- ಫ್ರಿಜ್: 1.2
- ದೀಪ, ಪಂಪು: 0.5
- ಮೈಕ್ರೋವೇವ್, 15 ನಿಮಿಷ: 0.35
- ಇತರೆ: 0.5
- ಒಟ್ಟು: 2.55

ಚಾರ್ಜರ್, ಇನ್ವರ್ಟರ್‌ಗಳ ನಷ್ಟ ಸೇರಿಸಿದರೆ 3.2 ಯೂನಿಟ್, ಅಂದರೆ 96 ಸೆಂಟ್.

ಈ ದಾರಿ ಎ.ಸಿ.ಗೆ ಒಗ್ಗುವುದಿಲ್ಲ. 1,400 ವಾಟ್‌ನ ಎ.ಸಿ. ಬ್ಯಾಟರಿಯಿಂದ 1,550 ವಾಟ್‌ಗೂ ಹೆಚ್ಚು ಎಳೆಯುತ್ತದೆ, ಚಾರ್ಜರ್ ತುಂಬುವುದು 720. ಕೊರತೆಯಿಂದ 200 ಆಂಪಿಯರ್–ಅವರ್‌ನ ಲಿಥಿಯಂ ಬ್ಯಾಟರಿ ಮೂರು ಗಂಟೆಗೆ ಬರಿದು. ಸ್ಥಳೀಯ 230/50 ಎ.ಸಿ. ಕೊಂಡು, ಪ್ರತ್ಯೇಕ ವೈರಿಂಗ್‌ನಲ್ಲಿ ಓಡಿಸುವುದೇ ಸರಿ.

ಪ್ರಾಣದ ಲೆಕ್ಕ

ಇಲ್ಲಿ ರಿಯಾಯಿತಿ ಬೇಡ. ಅಮೆರಿಕದ ವೈರಿಂಗ್‌ನಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಯುರೋಪಿನಲ್ಲಿ ಕಂದು, ನೀಲಿ. ಜೆಟ್ಟಿಯಲ್ಲಿ ಎರಡು ತಂತಿ ಅದಲುಬದಲಾಗಿದ್ದರೆ ಒಂಟಿ ಪೋಲ್‌ನ ಬ್ರೇಕರ್ ಆರಿಸಿದರೂ ಫೇಸ್ ಜೀವಂತವಾಗಿರುತ್ತದೆ. 230ರ ಭಾಗಕ್ಕೆ ಎರಡು ಪೋಲ್‌ನ ಬ್ರೇಕರ್, 30 ಮಿಲಿಆಂಪ್ಸ್ ಸೋರಿಕೆಗೆ ಕಡಿತವಾಗುವ ಆರ್‌ಸಿಡಿ ಎರಡೂ ಬೇಕು.

ಖರ್ಚಿನ ಕ್ರಮವೂ ಹೀಗೇ ಇರಲಿ: ಮೊದಲು ಸುರಕ್ಷತೆ, ಆಮೇಲೆ ಚಾರ್ಜರ್, ಇನ್ವರ್ಟರ್. ಪ್ರತಿ ಸಾಮಾನಿನ ಹೆಸರುಫಲಕ ಓದಿದ ಮೇಲೂ ಅಗತ್ಯ ಉಳಿದರೆ ಮಾತ್ರ ಟ್ರಾನ್ಸ್‌ಫಾರ್ಮರ್ ಕೊಳ್ಳಿ.