ಉಪ್ಪುನೀರಿನ ಮೀನುತೊಟ್ಟಿಗೆ ಎಂಥ ಶೋಧಕ?

ಪಡಸಾಲೆಯಲ್ಲಿ ಸಿಹಿನೀರಿನ ಮೀನುತೊಟ್ಟಿ ಇರಿಸುವುದು ನಮ್ಮ ಮನೆಗಳಿಗೆ ಹೊಸತಲ್ಲ. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನನ್ನು ಕಂಡ ಮಕ್ಕಳು ಕಡಲ ಮೀನುಗಳೂ ಬೇಕೆಂದು ಹಟ ಹಿಡಿಯುವುದು ಸಹಜ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣರು ನಮಗೆ ಕಲಿಸಿದ ಪಾಠ. ಆದ್ದರಿಂದ ತೊಟ್ಟಿಯ ಅಂದಕ್ಕೆ ಮೊದಲು ಅದರೊಳಗಿನ ಜೀವದ ಉಳಿವನ್ನು ನಾವು ಚಿಂತಿಸಬೇಕು.

ನೀರು ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧವೆನ್ನಲಾಗದು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಕಡಲನೀರು ಕ್ಷಾರಗುಣವುಳ್ಳದ್ದು, ಅದರ ಪಿಎಚ್ ಸುಮಾರು 8.2. ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. ಆದಕಾರಣ ಸಿಹಿನೀರಿನ ತೊಟ್ಟಿಯಲ್ಲಿ ಸಾಗುವ ಅಸಡ್ಡೆ ಇಲ್ಲಿ ಸಾಗದು.

ಶೋಧನೆಯಲ್ಲಿ ಮೂರು ಬಗೆ. ಸ್ಪಂಜು ಕಸವನ್ನು ತಡೆಯುತ್ತದೆ. ಸಕ್ರಿಯ ಇಂಗಾಲವು ನೀರಿನ ಬಣ್ಣ, ವಾಸನೆಗಳನ್ನು ಹೀರುತ್ತದೆ. ಮೂರನೆಯದು, ಎಲ್ಲಕ್ಕೂ ಮುಖ್ಯವಾದದ್ದು, ಜೈವಿಕ ಶೋಧನೆ. ಕೆಲವು ಜೀವಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸದ್ದಿಲ್ಲದ ಈ ಕಾಯಕಕ್ಕೆ ನೆಲೆ ಒದಗಿಸುವುದೇ ಶೋಧಕದ ನಿಜವಾದ ಕೆಲಸ.

ಮರಳಿನಡಿಯ ಶೋಧಕ ಅಗ್ಗವಾದರೂ ಕಾಲಕ್ರಮದಲ್ಲಿ ಅದರೊಳಗೆ ಕೊಳೆ ತುಂಬುತ್ತದೆ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಶೋಧಕವನ್ನು ಆಗಾಗ್ಗೆ ತೊಳೆಯದಿದ್ದರೆ ಅದೇ ನೈಟ್ರೇಟಿನ ಮೂಲವಾಗುತ್ತದೆ. ತೊಟ್ಟಿಯ ಕೆಳಗೆ ಚಿಕ್ಕ ಸಂಪು ಇರಿಸಿ, ಅದರಲ್ಲಿ ಸ್ಪಂಜು, ರಂಧ್ರಮಯ ಪಿಂಗಾಣಿ ಬಿಲ್ಲೆಗಳು ಹಾಗೂ ಪ್ರೋಟೀನ್ ಸ್ಕಿಮ್ಮರ್ ಅಳವಡಿಸುವುದು ಮೇಲೆಂದು ನಮ್ಮ ಅಭಿಮತ. ಸ್ಕಿಮ್ಮರ್ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಕೊಳೆಯುವ ಮೊದಲೇ ಸಾವಯವ ಕಶ್ಮಲವನ್ನು ನೊರೆಯಾಗಿ ಹೊರಹಾಕುತ್ತದೆ. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಚೆನ್ನಾಗಿ ನಿಲ್ಲುವುದರಿಂದ ಈ ಉಪಾಯ ಫಲಿಸುತ್ತದೆ.

ಶೋಧಕ ತಂದ ದಿನವೇ ಮೀನು ತರಬಾರದು. ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲುಪ್ಪಿನ ಮಿಶ್ರಣ ಕದಡಿ, ಚಿಟಿಕೆ ಮೀನಿನ ಆಹಾರ ಹಾಕಿ, ನೀರನ್ನು ಹರಿಯಬಿಡಬೇಕು. ಜೀವಾಣುಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಾದ ಮೇಲೆ ಒಂದೆರಡು ಮೀನುಗಳಿಂದ ಆರಂಭಿಸುವುದು ಕ್ಷೇಮ. ಆವಿಯಾಗುವುದು ನೀರೇ ಹೊರತು ಉಪ್ಪಲ್ಲ. ಆದ್ದರಿಂದ ತಗ್ಗಿದ ನೀರಿಗೆ ಶುದ್ಧ ಸಿಹಿನೀರನ್ನೇ ಸೇರಿಸಬೇಕು. ಉಳಿಯುವ ನೈಟ್ರೇಟನ್ನು ತಗ್ಗಿಸಲು ಆಗಾಗ್ಗೆ ಸ್ವಲ್ಪ ನೀರನ್ನು ತೆಗೆದು ಹೊಸ ಉಪ್ಪುನೀರು ತುಂಬಬೇಕು. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಜೀವಾಣುಗಳು ಸಾಯುತ್ತವೆ. ತೆಗೆದ ತೊಟ್ಟಿಯ ನೀರಿನಲ್ಲೇ ಅದ್ದಿ ಹಿಂಡುವುದು ಲೇಸು. ವಿದ್ಯುತ್ ಹೋದಾಗ ಮೀನಿಗೂ ಜೀವಾಣುಗಳಿಗೂ ಪ್ರಾಣವಾಯು ಸಾಲದಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಸಿದ್ಧವಿರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಪರದೇಶಗಳಲ್ಲಿ ಶೋಧನೆಗೆ ಹವಳದಿಬ್ಬದ ಜೀವಂತ ಬಂಡೆಗಳನ್ನು ಬಳಸುವುದುಂಟು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹವಳಗಳಿಗೆ ರಕ್ಷಣೆಯಿತ್ತಿದೆ. ಅವುಗಳ ಬದಲು ಪಿಂಗಾಣಿಯ ಕೃತಕ ಬಂಡೆ ಸಾಕು. ಮೀನಾದರೂ ಕಡಲಿನಿಂದ ಹಿಡಿದು ತಂದದ್ದಾಗದಿರಲಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ.

ಇಷ್ಟು ವೆಚ್ಚ, ಇಷ್ಟು ತಾಳ್ಮೆ ನಮ್ಮಿಂದಾಗದೆಂದು ತೋರಿದರೆ ಸಿಹಿನೀರಿನ ತೊಟ್ಟಿಯಲ್ಲೇ ತೃಪ್ತಿಪಡುವುದು ವಿವೇಕ. ಬೇಡವೆನ್ನುವುದೂ ಒಂದು ಬಗೆಯ ದಯೆಯೇ ಎಂಬುದನ್ನು ಮಕ್ಕಳಿಗೆ ತಿಳಿಸಿಕೊಡೋಣ.