ಎಂಜಿನ್ನಿಗೆ ಜ್ವರ ಬಂದಾಗ

ಕಬ್ಬಿನ ಕಟಾವು ಆರಂಭವಾಯಿತೆಂದರೆ ಮಂಡ್ಯದ ಸುತ್ತಣ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಹಿಂದೆ, ಟ್ರೇಲರಿನಲ್ಲಿ ಆಳೆತ್ತರಕ್ಕೆ ಒಟ್ಟಿದ ಕಬ್ಬು. ಮುಂದೆ, ಏದುಸಿರು ಬಿಡುತ್ತ ಸಾಗುವ ಎಂಜಿನ್. ಸಮತಟ್ಟಾದ ದಾರಿಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಏರು ಬಂದೊಡನೆ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯತ್ತ ಸರಿಯುತ್ತದೆ; ರೇಡಿಯೇಟರಿನಿಂದ ಹಬೆ ಏಳುತ್ತದೆ. ಚಾಲಕನು ಗಾಡಿಯನ್ನು ನಿಲ್ಲಿಸಿ, “ಹೊರೆ ಹೆಚ್ಚಾಯಿತು” ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಅಷ್ಟೇ ಹೊರೆಯನ್ನು ಎಳೆಯುತ್ತ ಅಂಥದೇ ಇನ್ನೊಂದು ಟ್ರ್ಯಾಕ್ಟರು ಅವನನ್ನು ದಾಟಿ ಮುಂದೆ ಹೋಗುತ್ತದೆ. ಹಾಗಾದರೆ ದೋಷವಿರುವುದು ಎಲ್ಲಿ?

ಜ್ವರವು ರೋಗದ ಲಕ್ಷಣವೆಂದು ವೈದ್ಯರು ಹೇಳುತ್ತಾರೆ. ಎಂಜಿನ್ನಿನ ಬಿಸಿಯೂ ಅಂಥದೇ ಒಂದು ಲಕ್ಷಣ. ಅದರ ಮೂಲವನ್ನು ಹುಡುಕಬೇಕಾದರೆ ಶಾಖವು ಎಲ್ಲಿ ಹುಟ್ಟುತ್ತದೆ, ಹೇಗೆ ಹೊರಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಸಿಲಿಂಡರಿನಲ್ಲಿ ಉರಿಯುವ ಡೀಸೆಲಿನ ಶಕ್ತಿಯೆಲ್ಲವೂ ಚಕ್ರವನ್ನು ತಿರುಗಿಸಲು ಒದಗುವುದಿಲ್ಲ. ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಉಳಿದ ಶಕ್ತಿಯಲ್ಲಿ ಬಹುಭಾಗವು ಹೊಗೆಯೊಡನೆಯೂ ತಂಪುಗೊಳಿಸುವ ನೀರಿನ ಮೂಲಕವೂ ಶಾಖವಾಗಿ ಹೊರಹೋಗುತ್ತದೆ. ಹೊರೆ ಹೆಚ್ಚಿದಂತೆ ಉರಿಯುವ ಇಂಧನವೂ, ಅದರೊಡನೆ ಶಾಖವೂ ಹೆಚ್ಚುತ್ತವೆ. ಟ್ರ್ಯಾಕ್ಟರು, ಟ್ರೇಲರು, ಕಬ್ಬು ಎಲ್ಲ ಸೇರಿ 10 ಟನ್ ತೂಗುತ್ತವೆ ಎಂದಿಟ್ಟುಕೊಳ್ಳೋಣ. 20 ಮೀಟರಿಗೆ 1 ಮೀಟರಿನಷ್ಟು ಏರುವ ರಸ್ತೆಯಲ್ಲಿ ಇವನ್ನು ಸಾಗಿಸಲು, ಸಮತಟ್ಟಾದ ದಾರಿಗೆ ಬೇಕಾದುದಕ್ಕಿಂತ ಅರ್ಧ ಟನ್ ತೂಕವನ್ನು ನೇರವಾಗಿ ಮೇಲೆತ್ತುವಷ್ಟು ಹೆಚ್ಚಿನ ಬಲ ಬೇಕಾಗುತ್ತದೆ.

ಈ ಶಾಖವನ್ನು ಹೊರಹಾಕುವ ಏರ್ಪಾಡು ಸರಳವಾದುದು. ಪಂಪು ನೀರನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ನೀರು ತಕ್ಕಷ್ಟು ಕಾದ ಮೇಲೆ ಥರ್ಮೋಸ್ಟಾಟ್ ಎಂಬ ಕವಾಟವು ತೆರೆದುಕೊಂಡು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಫ್ಯಾನು ಎಳೆಯುವ ಗಾಳಿಗೆ ನೀರು ತಣಿಯುತ್ತದೆ. ವೇಗವಾಗಿ ಓಡುವ ಕಾರಿಗೆ ಎದುರುಗಾಳಿಯ ನೆರವಿದೆ. ನಿಧಾನವಾಗಿ ಏರನ್ನು ಹತ್ತುವ ಟ್ರ್ಯಾಕ್ಟರಿಗಾದರೋ ಫ್ಯಾನೇ ಗತಿ. ಮೇಲಿನ ಗೇರಿನಲ್ಲಿಯೇ ಹತ್ತಿಸಿದರೆ ಎಂಜಿನ್ನಿನ ಸುತ್ತು ಕುಗ್ಗಿ, ಶಾಖವು ಅತಿ ಹೆಚ್ಚಾಗಿರುವ ಹೊತ್ತಿನಲ್ಲಿಯೇ ಫ್ಯಾನೂ ಪಂಪೂ ನಿಧಾನವಾಗುತ್ತವೆ. ಆದುದರಿಂದ ಏರು ಬರುವ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸಬೇಕು.

ದೋಷವನ್ನು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಹುಡುಕುತ್ತ ಹೋಗುವುದು ಜಾಣತನ. ಎಂಜಿನ್ ನಿಂತು ತಣಿದ ಮೇಲೆ ನೀರಿನ ಮಟ್ಟವನ್ನು ನೋಡಬೇಕು; ಅದು ತಗ್ಗಿದ್ದರೆ ಸೋರಿಕೆಯನ್ನು ಹುಡುಕಬೇಕು. ರೇಡಿಯೇಟರಿನ ಮುಖವನ್ನು ಕಬ್ಬಿನ ತರಗೂ ಧೂಳೂ ಮುಚ್ಚಿವೆಯೇ? ಫ್ಯಾನಿನ ಬೆಲ್ಟು ಸಡಿಲವಾಗಿದೆಯೇ? ಟ್ರೇಲರಿನ ಚಕ್ರಗಳಲ್ಲಿ ಗಾಳಿ ಕಡಿಮೆಯಾಗಿ, ಅಥವಾ ಬ್ರೇಕು ಹಿಡಿದುಕೊಂಡು, ಎಳೆತವು ಭಾರವಾಗಿದೆಯೇ? ಇವೆಲ್ಲವೂ ಕಣ್ಣಿಗೂ ಕೈಗೂ ಸಿಗುವ ದೋಷಗಳು. ಎಂಜಿನ್ ಮಿತಿಮೀರಿ ಕಾದಿದ್ದರೂ ರೇಡಿಯೇಟರಿಗೆ ಬಿಸಿನೀರು ಬಾರದಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು. ರೇಡಿಯೇಟರಿನ ಕೆಲವು ಭಾಗ ಮಾತ್ರ ತಣ್ಣಗಿದ್ದರೆ ಒಳಗಿನ ಕೊಳವೆಗಳಲ್ಲಿ ಕಿಲುಬು ಕಟ್ಟಿಕೊಂಡಿರಬಹುದು. ತಣ್ಣಗಿರುವ ಎಂಜಿನ್ನನ್ನು ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಸಿಲಿಂಡರಿನ ತಲೆಯ ಗ್ಯಾಸ್ಕೆಟು ಹಾಳಾಗಿದೆ ಎಂದು ಶಂಕಿಸಬೇಕು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆ ಎಂದರ್ಥ. ಆಗ ಎಂಜಿನ್ನನ್ನು ಮತ್ತೆ ಚಾಲೂ ಮಾಡದೆ ಮೆಕ್ಯಾನಿಕನನ್ನು ಕರೆಸಬೇಕು.

ಇಲ್ಲಿ ಅವಸರವು ಅಪಾಯಕ್ಕೆ ದಾರಿ. ಮುಚ್ಚಳವು ಒತ್ತಡವನ್ನು ಹಿಡಿದಿಡುವುದರಿಂದ ರೇಡಿಯೇಟರಿನ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲುದು. ಬಿಸಿಯಿರುವಾಗಲೇ ಮುಚ್ಚಳವನ್ನು ತಿರುಗಿಸಿದರೆ ಒತ್ತಡವು ಒಮ್ಮೆಲೇ ಇಳಿದು, ಕುದಿಯುವ ನೀರೂ ಹಬೆಯೂ ಮುಖಕ್ಕೆ ಚಿಮ್ಮುತ್ತವೆ. ಕಾದ ಎಂಜಿನ್ನಿಗೆ ತಣ್ಣೀರನ್ನು ಸುರಿದರೆ ಲೋಹವು ಬಿರುಕು ಬಿಡಬಹುದು. ಬಿಸಿಯನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಒಂದು ಗಳಿಗೆಯ ಆತುರಕ್ಕಾಗಿ ರೈತನು ಒಂದು ಬೆಳೆಯ ಆದಾಯವನ್ನೇ ತೆರಬೇಕಾದೀತು.

ತಯಾರಕರು ಗೊತ್ತುಪಡಿಸಿದ ಮಿತಿಯನ್ನು ಮೀರಿ ಹೊರೆ ಹೇರುವುದು ತಪ್ಪೇ ಸರಿ. ಆ ತಪ್ಪಿಗೆ ಹೊರೆಯನ್ನು ಇಳಿಸುವುದಲ್ಲದೆ ಬೇರೆ ಮದ್ದಿಲ್ಲ. ಆದರೆ ಮಿತಿಯೊಳಗಿನ ಹೊರೆಗೇ ಎಂಜಿನ್ ಕುದಿದರೆ, ಮೊದಲೇ ಅಡಗಿದ್ದ ದೋಷವನ್ನು ಹೊರೆಯು ಬಯಲಿಗೆಳೆದಿದೆ ಎಂದು ತಿಳಿಯಬೇಕು. ಹಬೆ ಅಡಗಿತೆಂದು ನೀರು ತುಂಬಿ ಮುಂದೆ ಸಾಗುವವನು ಮುಂದಿನ ಏರಿನಲ್ಲಿ ಮತ್ತೆ ನಿಲ್ಲುತ್ತಾನೆ. ಕಾರಣವನ್ನು ಕಂಡುಹಿಡಿದು ಸರಿಪಡಿಸಿದವನು ಕಾರ್ಖಾನೆಯನ್ನು ತಲುಪುತ್ತಾನೆ.