ಕರುಳಿಗೂ ಪಾಳಿ ಇದೆ

ಬೇಗೂರಿನ ಬಾಡಿಗೆ ಮನೆಗಳಿಂದ ಒಂದಷ್ಟು ಜನ ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಗೆ ಹೊರಡುತ್ತಾರೆ, ಇನ್ನಷ್ಟು ಜನ ಬೆಳಗಾಗುತ್ತಲೇ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ. ಹೊಟ್ಟೆ ಕಟ್ಟಿಕೊಂಡಾಗ ಇಬ್ಬರೂ ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಕೇಳುವುದು ನಾರು ತುಂಬಿದ ಇಸಬ್‌ಗೋಲ್. ಕೇಳಿದ್ದು ತಪ್ಪೇನಲ್ಲ. ಆದರೆ ಮಲಬದ್ಧತೆಗೆಲ್ಲ ನಾರಿನ ಕೊರತೆಯೇ ಕಾರಣವಲ್ಲ.

ದೊಡ್ಡ ಕರುಳು ನಿದ್ದೆಯಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಎಚ್ಚರವಾದ ಮೇಲೆ, ಅದರಲ್ಲೂ ತಿಂಡಿಯಾದ ಮೇಲೆ, ಬಲವಾಗಿ ಹಿಂಡಿಕೊಂಡು ಮಲವನ್ನು ಮುಂದಕ್ಕೆ ತಳ್ಳುತ್ತದೆ. ಆ ಹೊತ್ತಿಗೆ ಒಬ್ಬರು ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ, ಇನ್ನೊಬ್ಬರು ಹೊಲಿಗೆ ಯಂತ್ರದ ಮುಂದೆ. ತಡೆದಷ್ಟೂ ಕರುಳು ಮಲದಲ್ಲಿನ ನೀರನ್ನು ಹೀರುತ್ತಾ ಹೋಗುತ್ತದೆ. ಶೌಚಾಲಯಕ್ಕೆ ಎದ್ದು ಹೋಗಲು ಮುಜುಗರವೆಂದು ನೀರನ್ನೇ ಕಡಿಮೆ ಕುಡಿಯುವವರ ಪಾಡು ಇನ್ನೂ ಕಷ್ಟ.

ದಿನಕ್ಕೊಮ್ಮೆ ಆಗಲೇಬೇಕೆಂಬ ನಿಯಮವಿಲ್ಲ. ದಿನಕ್ಕೆ ಮೂರರಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ಮಲಬದ್ಧತೆಯನ್ನು ಗುರುತಿಸಲು ವೈದ್ಯರು ಬಳಸುವ 2016ರ ರೋಮ್ ಮಾನದಂಡ ತಿಣುಕುವುದನ್ನೂ ಪೂರ್ತಿ ಆಗಿಲ್ಲವೆನಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಲದ ರೂಪವನ್ನು ವಿಂಗಡಿಸುವ ಬ್ರಿಸ್ಟಲ್ ಪಟ್ಟಿಯ 7 ಬಗೆಗಳಲ್ಲಿ ಮೊದಲನೆಯದು ಆಡಿನ ಹಿಕ್ಕೆಯಂಥದ್ದು.

ಊಟದಲ್ಲಿ ರಾಗಿ ಗೆಲ್ಲುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಇಸಬ್‌ಗೋಲ್‌ಗಂತೂ ಧಾರಾಳ ನೀರು ಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಮೊದಲು ನೋಡಬೇಕಾದದ್ದು ರೋಗಿ ನುಂಗುತ್ತಿರುವ ಬೇರೆ ಮಾತ್ರೆಗಳನ್ನು. ಕಬ್ಬಿಣದ ಮಾತ್ರೆ, ಅಫೀಮು ಮೂಲದ ನೋವು ನಿವಾರಕ, ಕೆಲವು ಬಿ.ಪಿ. ಮಾತ್ರೆಗಳು ಕರುಳನ್ನು ನಿಧಾನಗೊಳಿಸುತ್ತವೆ. ಆಮೇಲೆ ಗುದದ್ವಾರದ ಬೆರಳು ಪರೀಕ್ಷೆ. ಕಾಸು ಖರ್ಚಿಲ್ಲದ, ಆದರೆ ಸಂಕೋಚದಿಂದ ಎಷ್ಟೋ ಸಲ ಬಿಟ್ಟುಹೋಗುವ ಪರೀಕ್ಷೆ ಇದು. ರಕ್ತಹೀನತೆ, ಥೈರಾಯಿಡ್, ಕ್ಯಾಲ್ಸಿಯಂ ನೋಡಲು ರಕ್ತ ತೆಗೆಯುವುದುಂಟು. ಕೊಲೊನೋಸ್ಕೋಪಿ ಎಲ್ಲರಿಗೂ ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿದ ತೂಕ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ ಇದ್ದರೆ ಮಾತ್ರ ತಡಮಾಡಬಾರದು.

ಔಷಧಿಗೂ ಜಗ್ಗದವರಿಗೆ ಬಲೂನು ಪರೀಕ್ಷೆ ಇದೆ. ಗುದನಾಳದಲ್ಲಿ 50 ಮಿ.ಲೀ. ನೀರು ತುಂಬಿದ ಬಲೂನಿಟ್ಟು ಹೊರಹಾಕಲು ಹೇಳುತ್ತಾರೆ. ಕೆಲವರಿಗೆ ಅದು ಹೊರಬರುವುದೇ ಇಲ್ಲ, ಏಕೆಂದರೆ ತಿಣುಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯುತ್ತಿರುತ್ತದೆ. ಇವರಿಗೆ ನಾರು ಹೆಚ್ಚಿಸಿ ಫಲವಿಲ್ಲ. ಸ್ನಾಯುವಿನ ಒತ್ತಡವನ್ನು ಪರದೆಯ ಮೇಲೆ ನೋಡುತ್ತಾ ಅದನ್ನು ಸಡಿಲಿಸಲು ಕಲಿಯುವ ಬಯೋಫೀಡ್‌ಬ್ಯಾಕ್ ತರಬೇತಿ ಬೇಕು.

ಕರುಳಿನ ನಡಿಗೆಯೇ ನಿಧಾನವೇ ಎಂದು ತಿಳಿಯಲು ಎಕ್ಸ್-ರೇಯಲ್ಲಿ ಕಾಣುವ ಪುಟ್ಟ ಗುರುತುಗಳನ್ನು ನುಂಗಿಸುತ್ತಾರೆ. ಭಾರತೀಯರ ಕರುಳು ಪಾಶ್ಚಾತ್ಯರದಕ್ಕಿಂತ ಚುರುಕು. ಹಾಗಾಗಿ ಅಲ್ಲಿನಂತೆ ದಿನಗಟ್ಟಲೆ ಕಾಯದೆ 36 ಮತ್ತು 60ನೇ ಗಂಟೆಗೇ ಎಕ್ಸ್-ರೇ ತೆಗೆಯುವ ಕ್ರಮವನ್ನು ಲಖನೌನ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ರೂಪಿಸಿದರು.